ಎಲ್ಡನ್ ಕ್ರೈಡರ್ ಅವರ ಕೆಂಪು ಮುದ್ರೆಯ ಹತ್ತು ಡಾಲರ್ ನೋಟು

ಹೆಸರು ನೇಡೀನ್ ವಾಸ್‌ಬರ್ಗ್. ವಯಸ್ಸು ಅರವತ್ತೇಳು. ಕಸುಬು ಹಳೆಯ ನೋಟು ಮತ್ತು ನಾಣ್ಯಗಳ ವ್ಯಾಪಾರ. ವಾಸ ಮಿಲ್ ರಸ್ತೆ, ಟಿಲ್‌ಮನ್ ಫಾಲ್ಸ್, ಒಹಾಯೊ. ನಾನು ಈ ದಿನ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಎಲ್ಡನ್ ಕ್ರೈಡರ್ ಅವರು ಕೊಟ್ಟಿರುವ ಕಳವಿನ ದೂರಿನ ಬಗ್ಗೆ ನನಗೆ ತಿಳಿದಷ್ಟನ್ನು ಸಾರ್ಜೆಂಟ್ ವಿಟ್‌ಕಾಂ ಅವರ ಎದುರು ಕುಳಿತು ಬರೆಸುತ್ತಿರುವುದು ಹೀಗಿದೆ:

ಮುಖ್ಯ ಬೀದಿಯಲ್ಲಿ ಕ್ಷೌರದಂಗಡಿಯ ಪಕ್ಕ ನನ್ನ ಅಂಗಡಿ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದೇನೆ. ಅಜ್ಜ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೆಯ ನೋಟನ್ನು ಜನ ನನ್ನ ಹತ್ತಿರ ತರುತ್ತಾರೆ. ಅದರ ಬೆಲೆ ಅದರ ಮೇಲೆ ಅಚ್ಚಾಗಿರುವಷ್ಟೇ ಎಂದು ಹೆಚ್ಚುಕಮ್ಮಿ ಎಲ್ಲರಿಗೂ ಹೇಳಬೇಕಾಗುತ್ತದೆ. ಕೆಲವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಕೆಲವರು ನಾನು ಸುಳ್ಳು ಹೇಳಿ ನೋಟನ್ನು ಹೊಡೆದುಕೊಳ್ಳಲು ನೋಡುತ್ತಿದ್ದೇನೆಂದು ಬಾಗಿಲು ಬಡಿದು ಹೋಗುತ್ತಾರೆ. ಈ ಕೆಲಸ ನನಗೆ ಸಾಕಾಗಿ ಬಹಳ ಕಾಲವಾಯಿತು. ವಿಷಯಕ್ಕೆ ಬರಬೇಕೆಂದು ಸಾರ್ಜೆಂಟ್ ಹೇಳಿದ್ದರಿಂದ ವಿಷಯಕ್ಕೆ ಬರುತ್ತೇನೆ.

ಎಲ್ಡನ್ ಕ್ರೈಡರ್ ಅವರಿಗೆ ಎಂಬತ್ತೊಂದು ವರ್ಷ. ಡಬ್ಬಿಗಳಿಗೆ ಅಂಟಿಸುವ ಚೀಟಿ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಅಂಗಡಿ ತೆರೆದ ವರ್ಷದಿಂದ ಅವರ ಪರಿಚಯವಿದೆ. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ನೋಟು ಸಂಗ್ರಾಹಕರ ಕ್ಲಬ್ಬಿಗೆ ಅವರೇ ಹಿರಿಯರು. ಮೊದಲು ಮೂವತ್ತು ಜನ ಬರುತ್ತಿದ್ದರು, ಈಗ ಏಳೆಂಟು ಮಂದಿ ಬಂದು ತಣ್ಣಗಾದ ಕಾಫಿ ಕುಡಿದು ಎದ್ದುಹೋಗುತ್ತೇವೆ.

ಹಿಂದಿನ ಕಾಲದಲ್ಲಿ ಸಣ್ಣಪುಟ್ಟ ಊರಿನ ಬ್ಯಾಂಕುಗಳ ಹೆಸರಿನಲ್ಲೂ ಸರ್ಕಾರವೇ ನೋಟು ಅಚ್ಚು ಹಾಕಿ ಕೊಡುತ್ತಿತ್ತು. ಆ ಬ್ಯಾಂಕಿನ ಅಧ್ಯಕ್ಷರೂ ಕ್ಯಾಷಿಯರೂ ಅದರ ಮೇಲೆ ಪೆನ್ನಿನಲ್ಲಿ ಸಹಿ ಹಾಕಿ ಕೊಟ್ಟರೆ ಅದು ಚಲಾವಣೆಗೆ ಬರುತ್ತಿತ್ತು. ನಮ್ಮ ಊರಿಗೂ ಅಂಥ ಒಂದು ಬ್ಯಾಂಕಿತ್ತು. ಮುಚ್ಚಿಹೋಗಿ ಎಷ್ಟೋ ಕಾಲವಾಗಿದೆ, ಆ ಕಟ್ಟಡದಲ್ಲಿ ಈಗ ಟೈರ್ ಮಾರುತ್ತಾರೆ. ಆ ಬ್ಯಾಂಕಿನ ನೋಟುಗಳಲ್ಲಿ 1902ರ ಮಾಲಿಕೆಯ, ಕೆಂಪು ಮುದ್ರೆ ಇರುವ ಹತ್ತು ಡಾಲರಿನವು ಬಹಳ ಅಪರೂಪ. ಕೆಂಪು ಮುದ್ರೆ ಕೆಲವೇ ವರ್ಷ ಇತ್ತು, ಆಮೇಲೆ ನೀಲಿಯಾಯಿತು. ನಮ್ಮ ಊರಿನ ಹೆಸರಿರುವ ಕೆಂಪು ಮುದ್ರೆಯ ಹತ್ತರ ನೋಟು ಈವರೆಗೆ ಮೂರು ಮಾತ್ರ ಕಂಡುಬಂದಿವೆ. ಒಂದು ಎಲ್ಡನ್ ಅವರದು. 1988ರಲ್ಲಿ ಒಂದು ಹೊಲದ ಮನೆಯ ಹರಾಜಿನಲ್ಲಿ, ಹೊಲಿಗೆ ಯಂತ್ರದ ಡ್ರಾಯರಿನೊಳಗೆ ಸಿಕ್ಕಿದ್ದು. ಅದನ್ನು ಕೊಳ್ಳಲು ಅವರು ತಮ್ಮ ಪಿಕಪ್ ಟ್ರಕ್ ಮಾರಿದರು. ಹೆಂಡತಿ ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ. ಆಕೆ ಈಗ ಇಲ್ಲ.

ಆ ನೋಟನ್ನು ನಾನು ಕ್ಲಬ್ಬಿನಲ್ಲಿ ಹಲವು ಸಲ ನೋಡಿದ್ದೇನೆ, ಎರಡು ಸಲ ಭೂತಗನ್ನಡಿ ಹಿಡಿದು ಪರೀಕ್ಷಿಸಿದ್ದೇನೆ. ನಾವೆಲ್ಲ ನೋಟನ್ನು ಬೆಳಕಿಗೆ ಹಿಡಿದು ನೋಡಿದರೆ ಎಲ್ಡನ್ ಮಾತ್ರ ಮೊದಲು ಹೆಬ್ಬೆರಳಿನಿಂದ ಸವರುತ್ತಿದ್ದರು. ಅಸಲಿ ನೋಟನ್ನು ಕೊರೆದ ಉಕ್ಕಿನ ಹಲಗೆಯಿಂದ ಒತ್ತಿ ಅಚ್ಚು ಹಾಕಿರುತ್ತಾರೆ, ಶಾಯಿ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ. ಚಿತ್ರದಲ್ಲಿರುವವರ ಕೋಟಿನ ಮೇಲೆ ಬೆರಳಾಡಿಸಿ ಸಾಚಾ ಖೋಟಾ ಹೇಳುತ್ತಿದ್ದರು. ಆಗೆಲ್ಲ ಅವರು ತಪ್ಪು ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಕಳೆದ ಮಾರ್ಚಿನಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಬೇಸಿಗೆಯಿಡೀ ಕೀಮೋ ನಡೆಯಿತು. ಅವರ ಮಗಳು ಕೊರಿನ್ ಕೊಲಂಬಸ್ ನಗರದಲ್ಲಿರುವುದರಿಂದ, ತಂದೆಯನ್ನು ನೋಡಿಕೊಳ್ಳಲು ಟ್ವೈಲಾ ರಸ್ಕ್ ಎಂಬ ನಮ್ಮ ಊರಿನವಳನ್ನು ಗೊತ್ತುಮಾಡಿದರು. ಟ್ವೈಲಾಗೆ ಮೂವತ್ತೊಂಬತ್ತು ವರ್ಷ. ಬೆಳಗ್ಗೆ ಬಂದು, ಅಡುಗೆ ಮಾಡಿಟ್ಟು, ಮಾತ್ರೆ ಕೊಟ್ಟು, ಸಂಜೆ ಹೋಗುತ್ತಿದ್ದಳು. ಆಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಔಷಧದಂಗಡಿಯಿಂದ ಲಿಪ್‌ಸ್ಟಿಕ್ ಕದ್ದು ಸಿಕ್ಕಿಬಿದ್ದಿದ್ದಳೆಂಬುದು ಊರಿಗೆಲ್ಲ ಗೊತ್ತು. ನಮ್ಮದು ಏನನ್ನೂ ಮರೆಯದ ಊರು.

ನವೆಂಬರ್ 14, ಸೋಮವಾರ, ಎಲ್ಡನ್ ಅವರು ತಮ್ಮ ಅಸಲಿ ನೋಟನ್ನು ಯಾರೋ ತೆಗೆದು ಅದರ ಜಾಗದಲ್ಲಿ ನಕಲು ಇಟ್ಟಿದ್ದಾರೆಂದು ಠಾಣೆಗೆ ದೂರು ಕೊಟ್ಟರು. ನೋಟಿದ್ದ ಡ್ರಾಯರಿನ ಬೀಗದ ಕೈ ಎಲ್ಲಿರುತ್ತದೆಂದು ತಮ್ಮನ್ನು ಬಿಟ್ಟರೆ ಟ್ವೈಲಾಗೆ ಮಾತ್ರ ಗೊತ್ತು ಎಂದೂ ಬರೆಸಿದ್ದರಂತೆ. ಮಗಳು ಅಂದೇ ಟ್ವೈಲಾಗೆ ಫೋನ್ ಮಾಡಿ ಇನ್ನು ಬರಬೇಡವೆಂದರು. ಮರುದಿನ ಪೊಲೀಸರು ಟ್ವೈಲಾಳ ಮನೆಗೆ ಹೋಗಿ, ಆಕೆ ಒಪ್ಪಿದ ಮೇಲೆ, ಹುಡುಕಿ ಒಂದು ನೋಟನ್ನು ವಶಕ್ಕೆ ತೆಗೆದುಕೊಂಡರು.

ಬುಧವಾರ ಬೆಳಗ್ಗೆ ಸಾರ್ಜೆಂಟ್ ವಿಟ್‌ಕಾಂ ಅವರು ಆ ನೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ಕಳವಾದ ಕೆಂಪು ಮುದ್ರೆಯ ನೋಟು ಸಿಕ್ಕಿದೆ, ನೋಡಿ ಖಚಿತಪಡಿಸಬೇಕು ಎಂದರು. ಅದು 1953ರ ಎರಡು ಡಾಲರ್ ನೋಟು. ಆ ಕಾಲದ ಎರಡರ ನೋಟುಗಳಿಗೆಲ್ಲ ಮುದ್ರೆ ಕೆಂಪೇ. ಮೇಲಿನ ಒಂದು ಮೂಲೆ ಹರಿದಿತ್ತು. ಎರಡರ ನೋಟು ಅಪಶಕುನವೆಂದು ನಂಬಿದವರು ಅದು ಕೈಗೆ ಬಂದರೆ ಮೂಲೆ ಹರಿದು ದೋಷ ಕಳೆದುಕೊಳ್ಳುತ್ತಿದ್ದರು, ಕುದುರೆ ಜೂಜಿನವರಲ್ಲಿ ಅದು ಹೆಚ್ಚು. ಇದನ್ನೆಲ್ಲ ವಿವರಿಸಿದೆ. ಕೆಂಪು ಮುದ್ರೆ ಕೆಂಪು ಮುದ್ರೆಯೇ ಅಲ್ಲವೇ ಎಂದು ಸಾರ್ಜೆಂಟ್ ಕೇಳಿದರು. ಹತ್ತಕ್ಕೂ ಎರಡಕ್ಕೂ ವ್ಯತ್ಯಾಸವಿದೆ, ಅದನ್ನು ನೋಡಲು ಭೂತಗನ್ನಡಿ ಬೇಡ ಎಂದೆ. ಈ ಮಾತನ್ನೂ ಬರೆಯಬೇಕೇ ಎಂದು ಅವರು ಈಗ ಕೇಳಿದರು. ಬರೆಯಬೇಕೆಂದು ಹೇಳಿದ್ದೇನೆ.

ಅದೇ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಡನ್ ಅವರ ಮನೆಗೆ ಹೋದೆ. ಕೊಲಂಬಸ್‌ನಿಂದ ಬಂದಿದ್ದ ಕೊರಿನ್ ಬಾಗಿಲು ತೆಗೆದರು. ಟ್ವೈಲಾಗೆ ಕದಿಯುವ ಚಾಳಿ ಮೊದಲಿನಿಂದಲೂ ಇತ್ತೆಂದು ಎಲ್ಲರಿಗೂ ಗೊತ್ತಿತ್ತು, ತನಗೆ ಮಾತ್ರ ಯಾರೂ ಹೇಳಲಿಲ್ಲ ಎಂದು ನೊಂದುಕೊಂಡರು. ಎಲ್ಡನ್ ಊಟದ ಮೇಜಿನ ಮುಂದೆ ಕುಳಿತಿದ್ದರು. ಬಹಳ ಇಳಿದುಹೋಗಿದ್ದರು. ಅಂಗಿಯ ಗುಂಡಿಗಳನ್ನು ಒಂದು ತೂತು ಮೇಲೆಕೆಳಗೆ ಮಾಡಿ ಹಾಕಿಕೊಂಡಿದ್ದರು. ನೋಟನ್ನು ನನ್ನ ಮುಂದೆ ತಳ್ಳಿ, ನೋಡು ಎಂದರು.

ನಾನು ಅವಸರ ಮಾಡದೆ ನೋಡಿದೆ. ಕಾಗದದೊಳಗೆ ಕೆಂಪು, ನೀಲಿ ರೇಷ್ಮೆ ಎಳೆಗಳು ಹುದುಗಿದ್ದವು, ಮೇಲೆ ಬರೆದ ಗೆರೆಗಳಲ್ಲ. ನನ್ನ ಚೀಲದಲ್ಲಿದ್ದ ನೇರಳಾತೀತ ದೀಪದ ಕೆಳಗೆ ಹಿಡಿದರೆ ಕಾಗದ ಮಂಕಾಗಿಯೇ ಉಳಿಯಿತು, ಇತ್ತೀಚಿನ ಕಾಗದವಾಗಿದ್ದರೆ ಬೆಳ್ಳಗೆ ಹೊಳೆಯಬೇಕಿತ್ತು. ಕ್ಯಾಷಿಯರ್ ಸಹಿಯ ಶಾಯಿ ಕಂದಾಗಿ ಕಾಗದದ ಹಿಂಬದಿಗೂ ಇಳಿದಿತ್ತು. ನೋಟಿನ ಮೇಲಿರುವ ಹಿಂದಿನ ರಾಷ್ಟ್ರಾಧ್ಯಕ್ಷ ಮೆಕಿನ್ಲಿ ಅವರ ಚಿತ್ರದ ಕಿವಿಯ ಹತ್ತಿರ ಎರಡು ಸೂಜಿತೂತು, ಕೆಳಗೆ ಎಡಮೂಲೆಯಲ್ಲಿ ಓರೆಯಾದ ಮಡಿಕೆ, ಇವು ನನಗೆ ಮೊದಲೇ ಗೊತ್ತಿದ್ದವು. ಶಾಯಿಯ ಉಬ್ಬು ನನ್ನ ಬೆರಳಿಗೆ ಸರಿಯಾಗಿ ಸಿಕ್ಕಿತು. ಅದು ಅದೇ ನೋಟು. ಬದಲಾಗಿಲ್ಲ. ಹಾಗೆಯೇ ಹೇಳಿದೆ.

ಎಲ್ಡನ್ ಒಪ್ಪಲಿಲ್ಲ. ನೋಟನ್ನು ಎಳೆದುಕೊಂಡು ಹೆಬ್ಬೆರಳಿನಿಂದ ಸವರಿದರು, ಮತ್ತೆ ಸವರಿದರು. ಮೇಣ ಸವರಿದ ಕಾಗದದ ಹಾಗೆ ಜಾರುತ್ತಿದೆ, ಇದರಲ್ಲಿ ಏನೂ ಇಲ್ಲ ಎಂದರು. ನನ್ನ ಕಣ್ಣು ಮಂಜಾಗಿದೆಯೆಂದರು. ಆಮೇಲೆ ನನ್ನ ಮುಖ ನೋಡದೆ, "ಅವಳು ನಿನಗೂ ಏನಾದ್ರೂ ಕೊಟ್ಟಿದ್ದಾಳಾ ನೇಡೀನ್?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಎಷ್ಟೋ ಜನ ನನ್ನನ್ನು ಹೀಗೆ ಕೇಳಿದ್ದಾರೆ. ಎಲ್ಡನ್ ಮಾತ್ರ ಈವರೆಗೆ ಕೇಳಿರಲಿಲ್ಲ. ಎದ್ದು ಮನೆಗೆ ಹೋಗೋಣವೆನಿಸಿ ಕೋಟು ಕೈಗೆ ತೆಗೆದುಕೊಂಡೆ.

ಅಷ್ಟರಲ್ಲಿ ಕೊರಿನ್ ತಂದಿಟ್ಟಿದ್ದ ಸೂಪಿನ ಬಟ್ಟಲನ್ನು ಎಲ್ಡನ್ ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟರು. ಒಲೆಯಿಂದ ಆಗತಾನೇ ಇಳಿಸಿ ಹಾಕಿದ ಸೂಪು, ಹಬೆಯಾಡುತ್ತಿತ್ತು. ನಾನು ಅದನ್ನು ಮುಟ್ಟಿ ನೋಡಿದೆ, ಕೈ ಎಳೆದುಕೊಳ್ಳಬೇಕಾಯಿತು. ಅವರ ಬಲಗೈ ತೋರುಬೆರಳಿನಲ್ಲಿ ಹಳೆಯ ಬೊಬ್ಬೆಯ ಗುರುತು ಇತ್ತು. ಅದು ಹೇಗಾಯಿತೆಂದು ಕೇಳಿದ್ದಕ್ಕೆ ಎಲ್ಲಿ ಎಂದು ನನ್ನನ್ನೇ ಕೇಳಿದರು.

ನಾನು ಕೋಟು ಕೆಳಗಿಟ್ಟೆ. ನನಗೆ ಆಗ ಅನುಮಾನ ಬಂತು. ಅದು ನಿಜವಾಗದಿದ್ದರೆ ಸಾಕೆಂದೂ ಅನ್ನಿಸಿತು.

ನನ್ನ ಚೀಲದಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡ ಎರಡು ನೋಟುಗಳಿದ್ದವು. ಒಂದು ನೀಲಿ ಮುದ್ರೆಯ ಅಸಲಿ ಐದು ಡಾಲರ್, ಹೊಸದರಂತೆ ಗರಿಗರಿಯಾದದ್ದು. ಇನ್ನೊಂದು ಬಣ್ಣದ ಜೆರಾಕ್ಸ್. ಕಣ್ಣು ಮುಚ್ಚಿಕೊಂಡು, ಮುಟ್ಟಿ ನೋಡಿ, ಅಸಲಿಯೋ ನಕಲಿಯೋ ಹೇಳಬೇಕೆಂದು ಕೇಳಿದೆ. ಕ್ಲಬ್ಬಿನಲ್ಲಿ ಹೊಸಬರು ಬಂದಾಗ ಅವರೇ ಈ ಆಟ ಆಡಿ ತೋರಿಸುತ್ತಿದ್ದರು. ಇದೆಲ್ಲ ಈಗ ಯಾಕೆ ಎಂದು ಗೊಣಗಿದರೂ ಕಣ್ಣು ಮುಚ್ಚಿದರು. ಅಸಲಿ ಐದನ್ನು ಕೈಗಿಟ್ಟೆ. ಸವರಿ, ನಕಲಿ ಎಂದರು. ಜೆರಾಕ್ಸ್ ಇಟ್ಟೆ. ನಕಲಿ ಎಂದರು. ನನ್ನ ಪರ್ಸಿನಿಂದ ಅಂದು ಬೆಳಗ್ಗೆ ಬ್ಯಾಂಕಿನಲ್ಲಿ ತೆಗೆದ ಹೊಚ್ಚಹೊಸ ಇಪ್ಪತ್ತರ ನೋಟು ಕೊಟ್ಟೆ. ಅದನ್ನೂ ಸವರಿ, ಇದೂ ಅದೇ ಅಂಗಡಿಯ ಜೆರಾಕ್ಸೇ ಎಂದು ನಗಾಡಿದರು. ಆಮೇಲೆ ಕಣ್ಣು ಬಿಟ್ಟು ನೋಡಿದರು.

ಇಪ್ಪತ್ತರ ನೋಟನ್ನು ಅವರು ಮೇಜಿನ ಮೇಲೆ ಇಟ್ಟರು. ಕೊರಿನ್ ಏನಾಯಿತೆಂದು ಎರಡು ಸಲ ಕೇಳಿದರು. ಎಲ್ಡನ್ ಎದ್ದು ಅಡುಗೆಮನೆಗೆ ಹೋಗಿ, ಡ್ರಾಯರ್ ಎಳೆದು ಚೀಸ್ ತುರಿಯುವ ಮಣೆ ತೆಗೆದು, ಅದರ ಹಲ್ಲುಗಳ ಮೇಲೆ ಹೆಬ್ಬೆರಳು ಒತ್ತಿ ಸವರಿದರು. ನಾನು ಓಡಿಹೋಗಿ ಕೈ ಹಿಡಿಯುವಷ್ಟರಲ್ಲಿ ರಕ್ತ ಬಂದಿತ್ತು.

"ಇದೂ ನುಣ್ಣಗೇ ಇದೆ ನೇಡೀನ್," ಎಂದರು.

ಕೀಮೋದಿಂದ ಕೆಲವರಿಗೆ ಬೆರಳಿನ ಸ್ಪರ್ಶ ಹೋಗುತ್ತದೆ, ಕೆಲವರಿಗೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದು ಕೊರಿನ್ ಅವರಿಗೆ ಆಗ ನೆನಪಾಯಿತು. ಬೆರಳು ಜುಮ್ಮೆನ್ನುತ್ತದೆಯೇ ಎಂದು ವೈದ್ಯರು ಪ್ರತಿ ಸಲವೂ ಕೇಳುತ್ತಿದ್ದರಂತೆ, ಇಲ್ಲವೆಂದೇ ತಂದೆ ಹೇಳುತ್ತಿದ್ದರಂತೆ. ಮೊದಮೊದಲು ಜುಮ್ಮೆನ್ನುತ್ತಿತ್ತು, ಹೇಳಿದರೆ ಔಷಧ ನಿಲ್ಲಿಸುತ್ತಾರೆಂದು ಹೇಳಲಿಲ್ಲ, ಆಮೇಲೆ ಏನೂ ಅನ್ನಿಸದಾದಾಗ ವಾಸಿಯಾಯಿತೆಂದುಕೊಂಡೆ ಎಂದು ಎಲ್ಡನ್ ಹೇಳಿದರು. ಕೊರಿನ್ ಅತ್ತರು. ಎಲ್ಡನ್ ಅಳಲಿಲ್ಲ. ಗಾಯಕ್ಕೆ ನಾನು ಕರವಸ್ತ್ರ ಸುತ್ತಿದೆ.

ನಂತರ ಅವರು ಟೋಪಿ ಹಾಕಿಕೊಂಡು, ಟ್ವೈಲಾಳ ಮನೆಗೆ ತಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋಗಬೇಕೆಂದರು. ಫೋನಿನಲ್ಲೇ ಹೇಳಿದರಾಯಿತು ಎಂದು ಮಗಳು ಹೇಳಿದ್ದಕ್ಕೆ, "ಪೊಲೀಸ್ರು ಫೋನಲ್ಲಿ ಹೋದ್ರಾ?" ಎಂದರು.

ಟ್ವೈಲಾ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಮನೆಯಲ್ಲಿರುತ್ತಾಳೆ. ನಾನೂ ಎಲ್ಡನ್ ಅವರೂ ಹೋದಾಗ ಸಂಜೆ ನಾಲ್ಕು ಗಂಟೆ ಸುಮಾರು. ಆಕೆ ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. ಪಕ್ಕದ ಮನೆಯ ಹೆಂಗಸು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಳು. ಎಲ್ಡನ್ ಟೋಪಿ ತೆಗೆದು, ನೋಟು ಬದಲಾಗಿಲ್ಲ, ತಮ್ಮ ಬೆರಳು ಸತ್ತಿದೆ, ತಾವು ಆಕೆಯ ಮೇಲೆ ಸುಳ್ಳು ಹೊರಿಸಿದ್ದಾಗಿ ನೆಟ್ಟಗೆ ಹೇಳಿದರು. ಕಿಟಕಿಯವಳಿಗೂ ಕೇಳಲೆಂದು ಜೋರಾಗಿಯೇ ಹೇಳಿದರೆಂದು ನನಗನ್ನಿಸಿತು.

ಬೆರಳಿನ ವಿಷಯ ಟ್ವೈಲಾಗೆ ಆಶ್ಚರ್ಯವಾಗಲಿಲ್ಲ. ಅವರು ಕುದಿಯುವ ನೀರಿಗೆ ಕೈ ಒಡ್ಡುವುದನ್ನು ನೋಡಿ ನಾನೇ ಆಗಸ್ಟಿನಲ್ಲಿ ಬಿಸಿನೀರಿನ ಹಂಡೆಯ ಶಾಖ ಇಳಿಸಿಟ್ಟೆ, ನೀರು ತಣ್ಣಗಿದೆಯೆಂದು ಬೈಸಿಕೊಂಡೆ, ಕೊರಿನ್ ಅವರಿಗೂ ಹೇಳಿದ್ದೆ, ವಯಸ್ಸಾದವರಿಗೆ ಹಾಗೆಯೇ ಎಂದರು ಎಂದಳು. ನೋಟು ಹುಡುಕುವುದಕ್ಕೆ ಬಂದ ಪೊಲೀಸರಿಗೂ ಇದನ್ನು ಹೇಳಿದಳಂತೆ. ಸಾರ್ಜೆಂಟ್ ಅವರಿಗೆ ನೆನಪಿದೆಯೇ ಎಂದು ನಾನು ಈಗ ಕೇಳಿದೆ. ನೆನಪಿದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ತಿಳಿದಿರಲಿಲ್ಲ ಎಂದರು.

ಎಲ್ಡನ್ ಅವರು ಮತ್ತೆ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದರು. ಟ್ವೈಲಾ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಸುತ್ತೇನೆ.

"ನೀವು ಒಳ್ಳೇವ್ರು ಮಿಸ್ಟರ್ ಕ್ರೈಡರ್, ನಂಗೊತ್ತು. ಆದ್ರೆ ಅವ್ರು ನನ್ ಹಾಸಿಗೆ ಎತ್ತಿ ನೋಡಿದ್ರು. ಒಳಉಡುಪಿನ ಡ್ರಾಯರ್ ಸುರಿದ್ರು. ಇನ್ಮೇಲೆ ನಿಮ್ಮನೇಲಿ ಒಂದು ಚಮಚ ಕಾಣಿಸ್ಲಿಲ್ಲ ಅಂದ್ರೂ ನೀವು ನನ್ ಮುಖ ನೋಡ್ತೀರಿ. ನೋಡ್ದಿದ್ರೂ ನೋಡಿದ್ರಿ ಅಂತ ನಂಗನ್ಸತ್ತೆ. ಬರಲ್ಲ."

ಎಲ್ಡನ್ ಸರಿ ಎಂದರು. ಅವರು ಮೆಟ್ಟಿಲು ಇಳಿಯುವಾಗ ಕರವಸ್ತ್ರದಿಂದ ರಕ್ತ ತೊಟ್ಟಿಕ್ಕುತ್ತಿರುವುದನ್ನು ಟ್ವೈಲಾ ನೋಡಿ, ಅವರನ್ನು ನಿಲ್ಲಿಸಿ, ಒಳಗಿನಿಂದ ಹತ್ತಿಯನ್ನೂ ಪಟ್ಟಿಯನ್ನೂ ತಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ಗಾಯ ತೊಳೆದು ಕಟ್ಟಿದಳು. ಉರಿಯುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದರು. ಅದಕ್ಕೇ ದಿನಾ ಕಣ್ಣಲ್ಲಿ ನೋಡಿಕೊಳ್ಳಬೇಕು, ರಾತ್ರಿ ಮಲಗುವ ಮುಂಚೆ ಹತ್ತು ಬೆರಳನ್ನೂ ದೀಪದ ಹತ್ತಿರ ಹಿಡಿದು ನೋಡಬೇಕು, ಕಾಲಿನದೂ ಎಂದು ಹೇಳಿಕೊಟ್ಟಳು. ಹೊಸದಾಗಿ ಬರುವವಳಿಗೂ ಇದನ್ನು ಹೇಳಿ ಎಂದಳು. ಅವರ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಬಾಗಿಲು ಹಾಕಿಕೊಂಡಳು.

ವಾಪಸ್ ಬರುವಾಗ ಎಲ್ಡನ್ ಕಾರಿನಲ್ಲಿ ಒಂದೇ ಮಾತಾಡಿದರು. ಈ ಆರು ತಿಂಗಳಲ್ಲಿ ತಾವು ಕೊಂಡು, ನಕಲಿಯೆಂದು ಹಿಂದಿರುಗಿಸಿದ ನೋಟುಗಳು ಎಷ್ಟೋ, ಆ ಮಾರಾಟಗಾರರೆಲ್ಲ ತಮ್ಮನ್ನು ಏನೆಂದುಕೊಂಡಿರಬಹುದು ಎಂದರು. ಅವರಲ್ಲಿ ನಾನೂ ಒಬ್ಬಳು. ಜೂನ್‌ನಲ್ಲಿ ಒಂದು ಒಳ್ಳೆಯ ನೋಟನ್ನು ನನಗೆ ಹಿಂದಿರುಗಿಸಿದ್ದರು. ಕಾಯಿಲೆಯವರೊಡನೆ ವಾದ ಬೇಡವೆಂದು ನಾನು ದುಡ್ಡು ಕೊಟ್ಟು ಸುಮ್ಮನಾಗಿದ್ದೆ. ಅದನ್ನು ಅವರಿಗೆ ನೆನಪಿಸಲಿಲ್ಲ.

ಸಾರ್ಜೆಂಟ್ ಅವರು ಬೆಲೆ ನಮೂದಿಸಬೇಕೆಂದಿದ್ದಾರೆ. ಎಲ್ಡನ್ ಅವರ ನೋಟು ಅಸಲಿ. ಮಡಿಕೆ, ಸೂಜಿತೂತುಗಳನ್ನು ಲೆಕ್ಕಕ್ಕೆ ಹಿಡಿದರೂ ಹರಾಜಿನಲ್ಲಿ ಏಳರಿಂದ ಎಂಟು ಸಾವಿರ ಡಾಲರ್ ಬರುತ್ತದೆ. ಟ್ವೈಲಾಳ ಮನೆಯಿಂದ ತಂದ ನೋಟೂ ಅಸಲಿ. ಮೂಲೆ ಹರಿದಿರುವುದರಿಂದ ಸಂಗ್ರಾಹಕರು ಅದನ್ನು ಕೊಳ್ಳುವುದಿಲ್ಲ. ಬೆಲೆ ಎರಡು ಡಾಲರ್. ಅದು ಆಕೆಯ ತಂದೆ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದಾಗ ಮೊದಲ ವಾರದ ಸಂಬಳದಲ್ಲಿ ಬಂದದ್ದಂತೆ. ಕಳವಿನ ವಸ್ತುವಲ್ಲದ್ದರಿಂದ ಅದನ್ನು ಆಕೆಗೆ ಕೊಟ್ಟುಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಆಕೆಯನ್ನು ಇಲ್ಲಿಗೆ ಕರೆಸದೆ ಮನೆಗೇ ತಲುಪಿಸಿದರೆ ಒಳ್ಳೆಯದು.

ಎಲ್ಡನ್ ಅವರು ದೂರು ಹಿಂತೆಗೆದುಕೊಳ್ಳಲು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ದೂರಿನಿಂದ ಟ್ವೈಲಾಳ ಹೆಸರನ್ನು ಅಳಿಸಬಹುದೇ ಎಂದು ನಾನು ಕೇಳಿದೆ. ದಾಖಲೆಯಾದದ್ದನ್ನು ಅಳಿಸುವಂತಿಲ್ಲ, ಮುಕ್ತಾಯವೆಂದು ಷರಾ ಬರೆಯಬಹುದು, ಮುಂದೆ ಯಾರಾದರೂ ತೆಗೆದು ನೋಡಿದರೆ ಎರಡೂ ಕಾಣುತ್ತವೆ ಎಂದು ಸಾರ್ಜೆಂಟ್ ಹೇಳಿದರು. ಹಾಗಿದ್ದರೆ ನನ್ನ ಹೇಳಿಕೆಯ ಕೊನೆಗೆ ಒಂದು ವಾಕ್ಯವನ್ನು ಬೇರೆ ಸಾಲಿನಲ್ಲಿ, ದೊಡ್ಡದಾಗಿ ಬರೆಯಬೇಕೆಂದು ಕೇಳಿದೆ. ಹಾಗೆ ಬರೆಯುವ ಪದ್ಧತಿ ಇಲ್ಲ ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಬರೆದರು.

ಟ್ವೈಲಾ ರಸ್ಕ್ ಏನನ್ನೂ ತೆಗೆದಿಲ್ಲ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದರು, ಕೊನೆಯ ಸಾಲನ್ನು ನಾನೇ ಮತ್ತೊಮ್ಮೆ ಓದಿಕೊಂಡೆ. ಎಲ್ಲವೂ ನಾನು ಕಂಡದ್ದು, ಕೇಳಿದ್ದು, ನನ್ನ ಕೈಯಿಂದ ಮುಟ್ಟಿ ನೋಡಿದ್ದು. ಸರಿಯಿದೆಯೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಟಿಲ್‌ಮನ್ ಫಾಲ್ಸ್ ಪೊಲೀಸ್ ಠಾಣೆ
ದಿನಾಂಕ: 18 ನವೆಂಬರ್ 2016
(ಸಹಿ) ನೇಡೀನ್ ವಾಸ್‌ಬರ್ಗ್
ಬರೆದುಕೊಂಡವರು: ಸಾರ್ಜೆಂಟ್ ವಿಟ್‌ಕಾಂ